ನಿಂಬೆಹಣ್ಣಿನ ಮಾತು

ಮೂರು ದಿನ ನಿಂಬೆಹೋಳಲ್ಲಿ ತಿಕ್ಕಿದೆ, ಹೋಗಲಿಲ್ಲ,
ಎಂದಳು ಹವ್ವಾ, ಬೆರಳುಗಳನ್ನು ನನ್ನ ಮುಂದೆ ಚಾಚಿ.
ಕೊಳೆಯಲ್ಲ ತಾಯಿ ಇದು, ಚಹದ ಕರೆ.
ನಲವತ್ತು ವರ್ಷ ರಿಜೆಯ ಗುಡ್ಡಗಳಲ್ಲಿ ಚಿವುಟಿದ ಚಿಗುರು
ಉಗುರಿನ ಸಂದಿಯಲ್ಲಿ ಮನೆ ಮಾಡಿದೆ.
ಒಳಗಿರುವವರಿಗೆ ಹೇಳಿಬಿಡು, ಆಯ್ತಾ?

ಆಯ್ತು ಅಂದೆ.
ಆಯ್ತು ಅನ್ನುವುದು ನನ್ನ ಕೆಲಸದ ಅರ್ಧ.
ಇನ್ನರ್ಧ, ತಲೆಯ ಬಳಿ ಸ್ಟೂಲಿನ ಮೇಲೆ ಕೂತು
ಉಸಿರು ಕಾಯುವುದು.
ಕರೆ ಹಿಡಿದ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದೆ, ಕೆಂಪು ದೀಪ ಹೊತ್ತಿತು.
ಹತ್ತರಿಂದ ಹಿಂದಕ್ಕೆ ಎಣಿಸಿ ಅಂದೆವು.
ಏಳರವರೆಗೆ ಬಂದಳು.
ಆರು ಎಲ್ಲಿ ಹೋಯಿತೋ.

ರೆಪ್ಪೆಗೆ ಟೇಪು ಹಚ್ಚುತ್ತೇವೆ, ಕಣ್ಣು ಒಣಗದಿರಲೆಂದು.
ಕಿವಿಗೆ ಏನೂ ಹಚ್ಚುವುದಿಲ್ಲ.

ಡಾಕ್ಟರ್ ತಹ್ಸಿನರದು ಬಂಗಾರದ ಕೈ,
ಊರೇ ಹೇಳುತ್ತದೆ, ಸುಳ್ಳಲ್ಲ:
ಅರ್ಧ ರಿಜೆ ಅವರು ಕೂರಿಸಿದ ಮಂಡಿಗಳ ಮೇಲೆ ಗುಡ್ಡ ಹತ್ತುತ್ತದೆ.
ಸೊಂಟಕ್ಕೆ ಅಯೊಡಿನ್ ಬಳಿಯುತ್ತಾ ಅಂದರು,
"ಇದನ್ನು ಚಹದ ಕಾರ್ಖಾನೆಯ ತಕ್ಕಡಿಗೆ ಹಾಕಿದ್ದರೆ
ಎಷ್ಟು ಮೂಟೆ ಬರೆದುಕೊಳ್ಳುತ್ತಿದ್ದರೋ!"

ಇದನ್ನು, ಅಂದರು.

ಯಾಲ್ಚಿನ್ ನಕ್ಕ. ಕಲಿಯಲು ಬಂದ ಹುಡುಗ, ನಗುವುದೂ ಕಲಿಕೆಯೇ.
ಕತ್ತರಿ ಎಣಿಸುತ್ತಿದ್ದ ಶುಕ್ರಾನ್ ಎಣಿಕೆ ತಪ್ಪಿ ನಕ್ಕಳು.
ನಾನೂ ನಕ್ಕೆ, ಮಾಸ್ಕಿನೊಳಗೆ;
ಮಾಸ್ಕಿನೊಳಗಿನ ನಗು ಯಾರ ಲೆಕ್ಕಕ್ಕೂ ಸೇರದು
ಎಂದುಕೊಂಡು.

ಅರವತ್ತೆರಡಿದ್ದ ನಾಡಿ ಎಪ್ಪತ್ತೊಂದಾಗಿತ್ತು.
ಚರ್ಮ ಕುಯ್ದಾಗ ಹಾಗೆ ಏರುವುದುಂಟು.
ಆಗ ಕುಯ್ದಿದ್ದರೋ, ಇನ್ನೂ ಇಲ್ಲವೋ,
ನಾನು ನೋಡಿರಲಿಲ್ಲ. ನಗುತ್ತಿದ್ದೆ.

ನಾಲಿಗೆಗೆ ಎಲುಬಿಲ್ಲ, ಅನ್ನುತ್ತಿದ್ದಳು ನನ್ನಜ್ಜಿ.
ಇದ್ದಿದ್ದರೆ ಒಳ್ಳೆಯದಿತ್ತು;
ಎಲ್ಲೋ ಒಂದು ಕಡೆ ಮುರಿಯುತ್ತಿತ್ತು,
ಇದೇ ಮೇಜಿನ ಮೇಲೆ ಪ್ಲೇಟು, ಸ್ಕ್ರೂ ಹಾಕಿ
ನೆಟ್ಟಗೆ ಮಾಡಿ ಕಳಿಸುತ್ತಿದ್ದೆವು.

ಗರಗಸ ನಿಂತಾಗ ಯಾಲ್ಚಿನ್ ಅಂದ,
"ಥೂ, ಉಗುರು ನೋಡಿ.
ಆಪರೇಷನ್ನಿಗೆ ಬರುವಾಗಲಾದರೂ ಕೈ ತೊಳೆಯಬಾರದೇ?"

"ಅದು ಚಹ," ಅಂದೆ.
ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.
"ಮೂರು ದಿನ ನಿಂಬೆಹಣ್ಣಲ್ಲಿ ತಿಕ್ಕಿದ್ದಾರೆ ಹವ್ವಾ ಹಾನಿಮ್.
ನಿನಗೆ ಹೇಳು ಅಂತ ನನಗೆ ಹೇಳಿ ಮಲಗಿದ್ದಾರೆ."

ರಕ್ತ ಹೀರುವ ನಳಿಗೆಯೊಂದೇ ಗೊರಗೊರ ಅಂದಿತು.
ತಹ್ಸಿನ್ ತಲೆ ಎತ್ತಲಿಲ್ಲ.
ಸುತ್ತಿಗೆ, ಅಂದರು.
ಮೂರು ಏಟಿಗೆ ಕೀಲು ಕೂತಿತು, ಕೂದಲೆಳೆ ಆಚೀಚೆ ಆಗದ ಹಾಗೆ.

ಮೂಟೆಯ ಮಾತಿಗೇ ಹೇಳಬೇಕಿತ್ತು.
ಈ ಮೂಟೆಗಲ್ಲ. ಇಪ್ಪತ್ತಮೂರು ವರ್ಷದ ಹಿಂದಿನ
ಮೊದಲ ಮೂಟೆಗೆ.

ಮರುದಿನ ವಾರ್ಡಿನಲ್ಲಿ ಹವ್ವಾ, ಇನ್ನೂ ಒಡಕು ಗಂಟಲಲ್ಲಿ:
"ಯಾರೋ ನಿಂಬೆಹಣ್ಣು ಅಂದ ಹಾಗಾಯಿತು ನಿನ್ನೆ. ಕನಸೋ ಏನೋ."
ಎದೆ ಧಸಕ್ಕೆಂದಿತು.
"ಮತ್ತೇನು ಕೇಳಿಸಿತು, ಅಕ್ಕಾ?"
ಕಿಟಕಿಯಾಚೆ ಕಪ್ಪುಸಮುದ್ರದಿಂದ ಮಂಜು ಏರುತ್ತಿತ್ತು,
ಅದನ್ನೇ ನೋಡಿದಳು.
"ಏನಿಲ್ಲ," ಅಂದಳು.
ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಕಾಯಿಲೆಯವರಿಗೆ ನಾವು ಹೇಳುವ ಮಾತೊಂದಿದೆ:
ಕಳೆದುಹೋದದ್ದಾಗಲಿ.
ಬಾಗಿಲಲ್ಲಿ ನಿಂತು ಹೇಳಿದೆ.
ನೋವಿಗೆಂದು ಇರುವ ಮಾತು ಅದು.
ಇನ್ನಾವುದಕ್ಕಾದರೂ ತಾಗುತ್ತದೋ ಎಂದು
ಇನ್ನೊಮ್ಮೆ ಹೇಳಿದೆ.

ಸಂಜೆ ಮೊಮ್ಮಗಳು ಸಣ್ಣ ನಡುವಿನ ಗಾಜಿನ ಲೋಟದಲ್ಲಿ ಚಹ ತಂದಳು.
ಹವ್ವಾ ಕೈ ಹೊರಗೆ ಚಾಚಿದಳು,
ಹೊದಿಕೆಯ ಅಂಚನ್ನು ಬೆರಳುಗಳಿಗೆ ಸುತ್ತಿಕೊಂಡು.
ಲೋಟ ಬಿಸಿಯಿತ್ತು.
ಅದಕ್ಕೇ ಇರಬಹುದು.